ಹಕ್ಕಿ ತೋರಿಸಿದವರ ಕೂಲಿ

ಕಳೆದ ವರ್ಷ ಮಾರ್ಚ್‌ನ ಒಂದು ಬೆಳಗ್ಗೆ ಐದೂವರೆಗೆ ಕೋಸ್ಟರಿಕಾದ ಸಾನ್ ಹೆರಾರ್ಡೊ ದೆ ದೋತಾ ಅನ್ನುವ ಊರಿನ ರಸ್ತೆ ಬದಿಯಲ್ಲಿ ನಿಂತಿದ್ದೆ. ಸುಮಾರು 2200 ಮೀಟರ್ ಎತ್ತರದ ಕಣಿವೆ ಅದು. ಬಿಸಿಲಿನ ದೇಶ ಅಂದುಕೊಂಡು ಹೋದವರಿಗೂ ಅಲ್ಲಿ ಸ್ವೆಟರ್ ಬೇಕು. ಕೆಳಗೆ ಸಾವೆಗ್ರೆ ಹೊಳೆಯ ಸದ್ದು. ನಾವು ಆರು ಜನ, ಒಬ್ಬ ಗೈಡ್. ಯಾರೂ ಪಿಟ್ಟೆನ್ನುತ್ತಿರಲಿಲ್ಲ. ಗೈಡ್ ತಲೆಯನ್ನು ಒಂದು ಕಡೆ ವಾಲಿಸಿ ಏನನ್ನೋ ಕೇಳಿಸಿಕೊಂಡ. ಆಮೇಲೆ ಟೆಲಿಸ್ಕೋಪನ್ನು ಒಂದು ಮರದ ಕಡೆ ತಿರುಗಿಸಿ ನನ್ನನ್ನು ಕರೆದ.

ಕ್ವೆಟ್ಸಾಲ್. ಗಂಡು ಹಕ್ಕಿ. ಬೆನ್ನೆಲ್ಲ ಮಿರುಗುವ ಹಸಿರು, ಹೊಟ್ಟೆ ಅಚ್ಚ ಕೆಂಪು. ಮೂರಡಿ ಹತ್ತಿರ ಉದ್ದದ ಬಾಲದ ಗರಿ ಗಾಳಿಗೆ ಆಡುತ್ತಿತ್ತು. ನನ್ನ ಕಣ್ಣು ತುಂಬಿ ಬಂತು. ಆದರೆ ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ತೀರ್ಥಹಳ್ಳಿ ಹತ್ತಿರದ ನಮ್ಮ ತೋಟಕ್ಕೆ ಅಡಿಕೆ ಕೊಯ್ಯಲು ಬರುವ ಕೊನೆಗಾರರೊಬ್ಬರು. ಹಾಗೆ ತಲೆ ವಾಲಿಸಿ ಕೇಳಿಸಿಕೊಳ್ಳುವುದನ್ನು ನಾನು ಮೊದಲು ನೋಡಿದ್ದು ಅವರಲ್ಲೇ.

ಅವರನ್ನು ನಾನು ಚಿಕ್ಕಂದಿನಿಂದ ಮಾವ ಅಂತಲೇ ಕರೆಯುವುದು. ಅಡಿಕೆ ಮರದ ತುದಿಯಲ್ಲಿ ಕೂತು ಕೊನೆ ಇಳಿಸುತ್ತಾ, ಕೆಳಗಿದ್ದ ನನಗೆ ಕೂಗಿ ಹೇಳುತ್ತಿದ್ದರು: "ಮಂಗಟ್ಟೆ ಬಂತು ನೋಡು, ಎರಡು ಅದಾವೆ." ಎರಡು ನಿಮಿಷ ಬಿಟ್ಟು ತಲೆ ಮೇಲೆ ಆ ದೊಡ್ಡ ಕೊಕ್ಕಿನ ಹಕ್ಕಿಗಳ (ಹಾರ್ನ್‌ಬಿಲ್) ರೆಕ್ಕೆ ಬಡಿಯುವ ಸದ್ದು ಬರುತ್ತಿತ್ತು. ಸೊಪ್ಪಿನ ಬೆಟ್ಟಕ್ಕೆ ಅವರ ಜೊತೆ ಹೋದಾಗ ಒಮ್ಮೆ ನನ್ನ ಭುಜ ಹಿಡಿದು ನಿಲ್ಲಿಸಿದರು. ಹತ್ತು ಮಾರು ದೂರದಲ್ಲಿ ಒಂದು ಹಕ್ಕಿ ಬೆನ್ನು ತಿರುಗಿಸಿ ಕಲ್ಲಿನ ಹಾಗೆ ಕೂತಿತ್ತು. "ಅದು ಹಂಗೇ ಕೂರದು. ಹೊಟ್ಟೆ ಕೆಂಪು ಕಾಣ್ಬಾರ್ದು ಅಂತ." ಅವರು ಅದನ್ನು ಕೆಂಪು ಹೊಟ್ಟೆದು ಅನ್ನುತ್ತಿದ್ದರು. ಪುಸ್ತಕದಲ್ಲಿ ಅದರ ಹೆಸರು ಕಾಕರಣೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಕಾಕರಣೆಯೂ ಕ್ವೆಟ್ಸಾಲೂ ಒಂದೇ ಬಳಗ, ಟ್ರೋಗನ್ ಕುಟುಂಬ. ಈ ಬಳಗದ ಹಕ್ಕಿಗಳು ಅಮೆರಿಕ ಖಂಡಗಳಲ್ಲಿವೆ, ಆಫ್ರಿಕಾದಲ್ಲಿವೆ, ನಮ್ಮ ಏಷ್ಯಾದಲ್ಲಿವೆ. ಎಲ್ಲಕ್ಕೂ ಕಾಲಿನ ಒಂದನೇ ಮತ್ತು ಎರಡನೇ ಬೆರಳು ಹಿಂದಕ್ಕಿರುತ್ತವೆ. ಬೇರೆ ಯಾವ ಹಕ್ಕಿಗೂ ಹಾಗಿಲ್ಲ. ಕಾಕರಣೆ, ಕ್ವೆಟ್ಸಾಲ್ ಎರಡೂ ಗೂಡು ಮಾಡುವುದು ಲಡ್ಡಾದ ಮರದಲ್ಲೇ. ನಾನಿರುವ ಅಮೆರಿಕದ ಹ್ಯೂಸ್ಟನ್‌ನಿಂದ ವಿಮಾನ ಹತ್ತಿ, ದಿನಕ್ಕೆ ನೂರು ಡಾಲರ್ ಮೇಲೆ ಕೊಟ್ಟು ನಾನು ನೋಡಿದ್ದು ಕಾಕರಣೆಯ ನೆಂಟನನ್ನು. ಆ ದುಡ್ಡು ಕೊಟ್ಟಿದ್ದಕ್ಕೆ ನನಗೆ ಒಂದಿಷ್ಟೂ ಬೇಸರ ಇಲ್ಲ. ಮಾವನಿಗೆ ಇಷ್ಟು ವರ್ಷ ಏನೂ ಕೊಡಲಿಲ್ಲವಲ್ಲ ಅನ್ನುವುದೇ ಈಗ ಚುಚ್ಚುತ್ತಿದೆ.

ಕೋಸ್ಟರಿಕಾ ಚಿಕ್ಕ ದೇಶ. ಸುಮಾರು 51,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅಷ್ಟರಲ್ಲೇ 900ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು. ನಮ್ಮ ನಾಲ್ಕು ದಿನದ ಪ್ರವಾಸದಲ್ಲಿ ಎರಡು ದಿನ ಈ ಚಳಿಯ ಕಣಿವೆ, ಇನ್ನೆರಡು ದಿನ ಸರಾಪಿಕಿ ಅನ್ನುವ ತಗ್ಗಿನ ಮಳೆಕಾಡು. ಸರಾಪಿಕಿಯಲ್ಲಿ ಬಸ್ಸಿನಿಂದ ಇಳಿದ ಕೂಡಲೇ ಹಸಿ ಮಣ್ಣಿನ, ಕೊಳೆತ ಎಲೆಯ ವಾಸನೆ ಬಂತು. ಕಣ್ಣು ಮುಚ್ಚಿಕೊಂಡರೆ ಆಗುಂಬೆಯೇ. ಅಲ್ಲಿ ಟೂಕನ್ ನೋಡಿ ನಾನು ನಮ್ಮ ಮಂಗಟ್ಟೆಯ ಸಂಬಂಧಿ ಅಂದುಕೊಂಡೆ. ಕೊಕ್ಕು ಹಾಗೇ ಇದೆಯಲ್ಲ. ಗೈಡ್ ತಿದ್ದಿದ. ಟೂಕನ್‌ಗೆ ಹತ್ತಿರದ ಸಂಬಂಧ ಕುಟ್ರುಹಕ್ಕಿ, ಮರಕುಟಿಗಗಳ ಜೊತೆಗಂತೆ. ಬೇಸಿಗೆ ಮಧ್ಯಾಹ್ನವೆಲ್ಲ ನಮ್ಮ ಹಿತ್ತಲಲ್ಲಿ ಕುಟ್ರು ಕುಟ್ರು ಅಂತ ಕೂಗುತ್ತಿದ್ದ ಹಕ್ಕಿಗೆ ಇಂಥ ನೆಂಟರಿದ್ದಾರೆ ಅಂತ ಯಾರಿಗೆ ಗೊತ್ತಿತ್ತು?

ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಆ ಗೈಡ್. ಅವನು ಅದೇ ಕಣಿವೆಯ ರೈತನ ಮಗ. ಅಪ್ಪ ಹಸು ಸಾಕಿಕೊಂಡಿದ್ದವನು. ಆ ದೇಶದಲ್ಲಿ ಗೈಡ್ ಆಗಬೇಕಾದರೆ ತರಬೇತಿ ಮುಗಿಸಿ ಸರ್ಕಾರದ ಪ್ರವಾಸೋದ್ಯಮ ಸಂಸ್ಥೆಯಿಂದ ಪರವಾನಗಿ ಪಡೆಯಬೇಕು. ಅವನು ಕುತ್ತಿಗೆಗೆ ಆ ಕಾರ್ಡ್ ಹಾಕಿಕೊಂಡು, ಡಾಕ್ಟರು ಸ್ಟೆತಸ್ಕೋಪ್ ಹಾಕಿಕೊಂಡಷ್ಟೇ ಗಂಭೀರವಾಗಿ ಓಡಾಡುತ್ತಿದ್ದ. ಊರಿನವರೂ ಅವನನ್ನು ಹಾಗೇ ನೋಡುತ್ತಿದ್ದರು.

ಕ್ವೆಟ್ಸಾಲ್ ಕೂತಿದ್ದ ಮರ ಕಾಡು ಬೆಣ್ಣೆಹಣ್ಣಿನದು. ಅದರ ಸಣ್ಣ ಹಣ್ಣೇ ಆ ಹಕ್ಕಿಯ ಮುಖ್ಯ ಆಹಾರ. ಮರ ಇದ್ದದ್ದು ಒಬ್ಬ ರೈತನ ಜಮೀನಿನಲ್ಲಿ. ಒಳಗೆ ಹೋಗುವ ಮುಂಚೆ ಗೈಡ್ ನಮ್ಮೆಲ್ಲರ ಪರವಾಗಿ ಆ ಮನೆಯ ಹೆಂಗಸಿನ ಕೈಗೆ ಸ್ವಲ್ಪ ದುಡ್ಡು ಕೊಟ್ಟ. ಅವಳು ಕಾಫಿ ಕೊಟ್ಟಳು. ಮರ ಉಳಿಸಿಕೊಂಡಿದ್ದಕ್ಕೆ ಆ ಮನೆಗೆ ವರ್ಷವೂ ವರಮಾನ ಬರುತ್ತದೆ. ಇಷ್ಟೇ ಅಲ್ಲ, 1996ರ ಅರಣ್ಯ ಕಾನೂನಿನ ಪ್ರಕಾರ ಕಾಡು ಉಳಿಸಿಕೊಳ್ಳುವ ಜಮೀನುದಾರರಿಗೆ ಸರ್ಕಾರವೂ ಹಣ ಕೊಡುತ್ತದೆ. ಅದರಲ್ಲಿ ದೊಡ್ಡ ಪಾಲು ಬರುವುದು ಪೆಟ್ರೋಲ್, ಡೀಸೆಲ್ ಮೇಲಿನ ತೆರಿಗೆಯಿಂದ. 1980ರ ದಶಕದ ಹೊತ್ತಿಗೆ ಅಲ್ಲಿನ ಕಾಡು ಬಹುಪಾಲು ದನದ ಹುಲ್ಲುಗಾವಲಾಗಿ ಹೋಗಿತ್ತು. ಇವತ್ತು ದೇಶದ ಅರ್ಧಕ್ಕಿಂತ ಜಾಸ್ತಿ ನೆಲದಲ್ಲಿ ಮತ್ತೆ ಮರ ನಿಂತಿದೆ.

ಈಗ ನಮ್ಮ ರಾಮಪತ್ರೆ ಮರದ, ಅಂದರೆ ಜಾಯಿಕಾಯಿ ಬಳಗದ ಕಾಡುಮರದ, ಕಥೆ ನೋಡಿ. ಮಂಗಟ್ಟೆಗೆ ಅದರ ಹಣ್ಣು ಅಂದರೆ ಪ್ರಾಣ. ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಹೋಗಿ, ಪೊಟರೆಯ ಬಾಯಿ ಮುಚ್ಚಿಕೊಂಡು, ಒಂದು ಸೀಳು ಮಾತ್ರ ಬಿಟ್ಟುಕೊಂಡು ಕೂರುತ್ತದೆ. ವಾರಗಟ್ಟಲೆ ಗಂಡು ಇಂಥ ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ನಮ್ಮ ಕಡೆ ರಾಮಪತ್ರೆಗೆ ಒಳ್ಳೆ ರೇಟಿದೆ, ಹಾಗಾಗಿ ಕೊಯ್ದು ಮಾರುತ್ತಾರೆ. ಮಾರುವವರನ್ನು ನಾನು ಬೈಯಲಾರೆ, ಅವರ ಮನೆ ನಡೆಯಬೇಕಲ್ವಾ? ಆದರೆ ಎರಡು ಮರದ ಹಣ್ಣು ಮಂಗಟ್ಟೆಗೇ ಇರಲಿ ಅಂತ ಬಿಡುವ ಮನೆಯವರಿಗೆ ಒಂದು ರೂಪಾಯಿ ಕೊಡುವ ದಾರಿ ನಮ್ಮ ಕಡೆ ಇಲ್ಲ. ಇದೇನು ಕರ್ನಾಟಕದಲ್ಲಿ ಆಗದ ಮಾತಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಗೂಡು ಕಟ್ಟುವ ಹುಣಸೆ ಮರಗಳ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಟ್ಟಿದೆ. ಹುಣಸೆಗೆ ಆಗಿದ್ದು ರಾಮಪತ್ರೆಗೂ ಆಗಬಹುದು.

ಅಲ್ಲಿನದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಲಾಡ್ಜ್‌ಗಳಲ್ಲಿ ಸಕ್ಕರೆ ನೀರಿನ ಬಾಟಲಿ ನೇತುಹಾಕಿ, ಬಾಳೆಹಣ್ಣು ಕತ್ತರಿಸಿಟ್ಟು ಹಕ್ಕಿ ಬರಿಸುತ್ತಾರೆ. ಫೋಟೋಗೆ ಅನುಕೂಲ, ನನಗೆ ಹಿಡಿಸಲಿಲ್ಲ. ನಮ್ಮ ಗುಂಪಿನ ಇಬ್ಬರಂತೂ ಪಟ್ಟಿಯಲ್ಲಿ ಟಿಕ್ ಹಾಕುವುದರಲ್ಲೇ ಇದ್ದರು. ಹಕ್ಕಿ ಕಂಡಿತು, ಟಿಕ್, ಮುಂದಕ್ಕೆ. ಮಾವನ ಜೊತೆ ಹಾಗಲ್ಲ. ಒಂದು ಭೀಮರಾಜನ ಮುಂದೆ ಅರ್ಧ ಗಂಟೆ ಕೂರುತ್ತೇವೆ. ಅದು ಬೇರೆ ಹಕ್ಕಿಗಳ ದನಿ ಒಂದೊಂದಾಗಿ ತೆಗೆಯುತ್ತದೆ, ಮಾವ ಅದು ಯಾರ ದನಿ ಅಂತ ಹೇಳುತ್ತಾ ಎಲೆಯಡಿಕೆ ಹಾಕುತ್ತಾರೆ.

ಆದರೆ ಆ ಗೈಡ್ ಒಂದು ವಿಷಯದಲ್ಲಿ ತುಂಬ ಕಟ್ಟುನಿಟ್ಟು. ಗೂಡಿನ ಹತ್ತಿರ ಫೋನಿನಲ್ಲಿ ಹಕ್ಕಿಯ ಕೂಗು ಹಾಕಬಾರದು. ಕೂಗು ಕೇಳಿದ ಹಕ್ಕಿ ಎದುರಾಳಿ ಬಂದ ಅಂತ ಗೂಡು ಬಿಟ್ಟು ಬರುತ್ತದೆ. ಅದಕ್ಕೂ ಒಂದು ವರ್ಷ ಮುಂಚೆ ನಮ್ಮ ಮಲೆನಾಡಿನ ಹೊಳೆ ದಂಡೆಯ ಒಂದು ರೆಸಾರ್ಟ್‌ನಲ್ಲಿ ಮನೆಯವರೆಲ್ಲ ಉಳಿದಿದ್ದೆವು. ಅದೂ ಮಾರ್ಚ್, ಹಕ್ಕಿಗಳು ಗೂಡು ಮಾಡುವ ಕಾಲ. ಬೆಳಗ್ಗೆ ಹಕ್ಕಿ ತೋರಿಸಲು ಬಂದ ಹುಡುಗ ಸ್ಪೀಕರ್ ಹಿಡಿದುಕೊಂಡು ಒಂದೇ ಕೂಗನ್ನು ಇಪ್ಪತ್ತು ಸಲ ಹಾಕಿದ. ಒಂದು ಹಕ್ಕಿ ಹುಚ್ಚು ಹಿಡಿದ ಹಾಗೆ ಕೊಂಬೆಯಿಂದ ಕೊಂಬೆಗೆ ಹಾರುತ್ತಿತ್ತು. ನನ್ನ ಮಗಳು "ಅಪ್ಪಾ, ಅದಕ್ಕೆ ಭಯ ಆಗ್ತಿದೆ" ಅಂದಳು. ಹುಡುಗನ ತಪ್ಪಲ್ಲ. ಅವನು ಬೇರೆ ಊರಿಂದ ಬಂದು ಎರಡು ತಿಂಗಳಾಗಿತ್ತು, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ರಾತ್ರಿ ಹನ್ನೊಂದರವರೆಗೆ ಅಲ್ಲಿ ಡಿಜೆ ಹಾಡು. ಅಲ್ಲಿಂದ ಮೂರು ಕಿಲೋಮೀಟರ್ ದೂರದಲ್ಲಿ ಮಾವ ಮಲಗಿದ್ದರು. ಅವರನ್ನು ಕರೆಯಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ, ನನಗೂ.

ಊರಿನವರೇ ಗೈಡ್ ಆಗಬೇಕು ಅನ್ನಲು ಇನ್ನೊಂದು ಕಾರಣ ಇದೆ, ಇದು ಹಕ್ಕಿಗಿಂತ ದೊಡ್ಡದು. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣ್ಣೆಗಳ ಕಾಟ ಜಾಸ್ತಿ ಇರುವುದು ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ. ಹೊರಗಿನವರು ಹಕ್ಕಿ ನೋಡಲು ಬರುವುದೂ ಸರಿಯಾಗಿ ಆಗಲೇ. ಯಾವ ಕಾಡಿನಲ್ಲಿ ಮಂಗ ಸತ್ತಿದೆ, ಯಾವ ದಾರಿ ಬೇಡ, ತರಗೆಲೆ ಮೇಲೆ ಎಲ್ಲಿ ಕೂರಬಾರದು, ಇದೆಲ್ಲ ಊರಿನವರಿಗೆ ಆ ವಾರವೇ ಗೊತ್ತಿರುತ್ತದೆ. ಮಳೆಗಾಲದಲ್ಲಿ ಉಂಬಳ ಹತ್ತಿದರೆ ಸುಣ್ಣ ಹಚ್ಚಿದರೆ ಮುಗಿಯಿತು. ಉಣ್ಣೆ ಹಾಗಲ್ಲ.

ಹಕ್ಕಿ ನೋಡುವ ಜಾಗಕ್ಕೆ ನಮ್ಮಲ್ಲಿ ಕೊರತೆ ಇಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವ ದಾರಿಯಲ್ಲೇ ಮಂಡಗದ್ದೆ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ಸೊರಬದ ಕಡೆ ಗುಡವಿ ಕೆರೆ. ಮಂಡಗದ್ದೆಯಲ್ಲಿ ಕಾರು ನಿಲ್ಲಿಸುವವರು ಐದು ನಿಮಿಷ ನಿಂತು, ಸೆಲ್ಫಿ ತೆಗೆದು, ಹಾರನ್ ಹೊಡೆದು ಹೋಗುತ್ತಾರೆ. ಅಲ್ಲಿ ಊರಿನ ಒಬ್ಬ ಹುಡುಗಿ ಬೈನಾಕ್ಯುಲರ್ ಹಿಡಿದು ನಿಂತು, ಆ ಉದ್ದ ಕತ್ತಿನದು ಹಾವಕ್ಕಿ, ಈಜುವಾಗ ಕತ್ತು ಮಾತ್ರ ಮೇಲಿರುತ್ತದೆ, ಅದಕ್ಕೇ ಆ ಹೆಸರು ಅಂತ ಹೇಳಿದರೆ ಜನ ಐದು ನಿಮಿಷಕ್ಕೆ ಹೊರಡುವುದಿಲ್ಲ.

ಕೋಸ್ಟರಿಕಾದ ರಾಷ್ಟ್ರಪಕ್ಷಿ ಯಾವುದು ಗೊತ್ತಾ? ಕ್ವೆಟ್ಸಾಲ್ ಅಲ್ಲ, ಟೂಕನ್ ಅಲ್ಲ. ಯಿಗ್ವಿರೋ ಅನ್ನುವ ಮಣ್ಣು ಬಣ್ಣದ ಸಾದಾ ಹಕ್ಕಿ. ಮಳೆಗಾಲ ಬರುವ ಮುಂಚೆ ಹಾಡುತ್ತದೆ, ರೈತರಿಗೆ ಅದರ ಹಾಡು ಬೇಕು. ಅದಕ್ಕೇ 1977ರಲ್ಲಿ ಅದನ್ನು ಆರಿಸಿದರು. ಇದನ್ನು ಕೇಳಿ ಮಾವನಿಗೆ ತುಂಬ ಖುಷಿಯಾಯಿತು. "ಹೌದಾ? ಬುದ್ಧಿವಂತರು ಹಂಗಾರೆ" ಅಂದರು.

ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಬೆಂಗಳೂರಿನ ಮೂವರು ಗೆಳೆಯರನ್ನು ಕರೆದುಕೊಂಡು ಎರಡು ಬೆಳಗ್ಗೆ ಮಾವನ ಹಿಂದೆ ಹೋದೆ. ಮಂಜಿನಲ್ಲಿ ಮೊದಲು ಏನೂ ಕಾಣಲಿಲ್ಲ. ಅವರು ಕೇಳಿಸಿಕೊಂಡು ಹೇಳುತ್ತಿದ್ದರು, ನಾವು ಆ ಕಡೆ ತಿರುಗುತ್ತಿದ್ದೆವು. ಎರಡನೇ ದಿನ ಕಾಕರಣೆ ಸಿಕ್ಕಿತು, ಬೆನ್ನು ತಿರುಗಿಸಿಕೊಂಡೇ. ವಾಪಸ್ ಬಂದ ಮೇಲೆ ದುಡ್ಡು ಕೊಡಲು ಹೋದರೆ ಮಾವ ಕೈ ಹಿಂದಕ್ಕೆ ಎಳೆದುಕೊಂಡರು.

"ಹಕ್ಕಿ ತೋರ್ಸದಕ್ಕೂ ದುಡ್ಡಾ ಮಾರಾಯ? ಅವೇನು ನಾನು ಸಾಕಿದ್ದಾ?"

"ಎರಡು ದಿನ ನೀವು ಬೇರೆಯವರ ತೋಟಕ್ಕೆ ಹೋಗಿದ್ದರೆ ಕೂಲಿ ಬರುತ್ತಿತ್ತಲ್ಲ ಮಾವ. ಇದೂ ಕೆಲಸವೇ. ನಿಮ್ಮಷ್ಟು ಚೆನ್ನಾಗಿ ಮಾಡುವವರು ನನಗೆ ಇನ್ನೊಬ್ಬರು ಗೊತ್ತಿಲ್ಲ."

ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ತೆಗೆದುಕೊಂಡು ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡರು.

ಹೋದ ವಾರ ಅವರ ಮೊಮ್ಮಗಳು ಹ್ಯೂಸ್ಟನ್‌ಗೆ ಫೋನ್ ಮಾಡಿದ್ದಳು. ಶಿವಮೊಗ್ಗದಿಂದ ಎಂಟು ಜನ ಬರುತ್ತೇವೆ ಅಂದಿದ್ದಾರಂತೆ. ಒಂದು ಸಲಕ್ಕೆ ನಾಲ್ಕೇ ಜನ, ಫೋನಿನಲ್ಲಿ ಕೂಗು ಹಾಕಬಾರದು, ಕೆಂಪು ಅಂಗಿ ಬೇಡ ಅಂತ ಮಾವ ಹೇಳಿ ಕಳಿಸಿದ್ದಾರೆ. "ಎಷ್ಟು ತಗಳದು ಅಂತ ಅಜ್ಜ ಕೇಳ್ತಿದ್ದಾರೆ" ಅಂದಳು. ಕೊನೆ ಕೊಯ್ಲಿನ ಒಂದು ದಿನದ ಕೂಲಿಗಿಂತ ಒಂದು ರೂಪಾಯಿಯೂ ಕಡಿಮೆ ಬೇಡ ಅಂತ ಹೇಳಮ್ಮ ಅಂದೆ.