ಗಾಯರಾಣ ಮೊದಲು ಕಳೆದುಹೋಗುವುದು ಕಾಗದದಲ್ಲಿ

ಗದಗ, ಹಾವೇರಿ ಕಡೆ ಗಾಯರಾಣಕ್ಕೆ, ಅಂದರೆ ಊರ ದನ-ಕುರಿ ಮೇಯುವ ಸರ್ಕಾರಿ ಹುಲ್ಲುಗಾವಲಿಗೆ, ಜೆಸಿಬಿ ಬಂದು ನಿಂತ ಮೇಲೆ ಊರು ಎಚ್ಚರಾಗುತ್ತದೆ. ಅಷ್ಟೊತ್ತಿಗೆ ಕಾಗದದ ಕೆಲಸ ಮುಗಿದಿರುತ್ತದೆ.

ಮೊದಲು ಆ ಜಮೀನಿನ ಉತಾರ (ಪಹಣಿ) ತೆಗೆಸಿ. 9ನೇ ಕಾಲಂನಲ್ಲಿ ‘ಸರ್ಕಾರ’ ಅಂತ ಇದ್ದರೆ ಸಾಲದು, ದನದ ಮೇವಿಗೆ ಕಾದಿರಿಸಿದ್ದು ಅನ್ನುವುದೂ ದಾಖಲಾಗಿರಬೇಕು. ಭೂಕಂದಾಯ ಕಾಯ್ದೆಯ 71ನೇ ಕಲಮಿನಡಿ ಕಾದಿರಿಸಿದ್ದನ್ನು ಬೇರೆಯದಕ್ಕೆ ಕೊಡುವ ಮುಂಚೆ ಗಾಯರಾಣದ ವಿಸ್ತೀರ್ಣ ಇಳಿಸಬೇಕಾಗುತ್ತದೆ. ಅದಕ್ಕೆ ಸಿಗುವ ನೆಪ ಭೂಕಂದಾಯ ನಿಯಮಾವಳಿಯ 97ನೇ ನಿಯಮ: ನೂರು ದನಕ್ಕೆ 12 ಹೆಕ್ಟೇರ್ ಗಾಯರಾಣ, ಅಂದರೆ ಸುಮಾರು 30 ಎಕರೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಊರಲ್ಲಿ ದನದ ಲೆಕ್ಕ ಇಳಿದಿರುತ್ತದೆ, ಮಿಕ್ಕ ಭೂಮಿ ‘ಹೆಚ್ಚುವರಿ’ ಎನಿಸಿಕೊಳ್ಳುತ್ತದೆ. ಜಾನುವಾರು ಗಣತಿಯಲ್ಲಿ ಒಂದು ಕೊಟ್ಟಿಗೆಯೂ ತಪ್ಪಬಾರದು.

ಆಮೇಲೆ ಹದ್ದುಬಸ್ತು, ಅಂದರೆ ಗಡಿ ಅಳೆಸಿ ಗುರುತು ಮಾಡಿಸುವುದು. ಪಕ್ಕದ ಹೊಲದವರು ವರ್ಷಕ್ಕೊಂದು ಸಾಲು ಒತ್ತಿ ರಂಟೆ ಹೊಡೆದರೂ ಹತ್ತು ವರ್ಷಕ್ಕೆ ಬಾಂದಗಲ್ಲು ಮಾಯ. ಪಂಚಾಯ್ತಿಯಿಂದ ಅರ್ಜಿ ಹಾಕಿಸಿ, ನಾಲ್ಕೂ ದಿಕ್ಕಿನ ರೈತರ ಎದುರೇ ಅಳೆಸಿ, ನಕಾಶೆಯ ಮೇಲೆ ಅವರ ಸಹಿ ತಗೊಳ್ಳಿ. ಗ್ರಾಮಸಭೆಯ ಠರಾವಿನಲ್ಲಿ ಸರ್ವೆ ನಂಬರು, ಎಕರೆ-ಗುಂಟೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಬರೆಸಿ. ‘ನಮ್ಮ ಮಡ್ಡಿ ಉಳಿಸಬೇಕು’ ಅಂತಷ್ಟೇ ಬರೆದ ಠರಾವು ಯಾವ ಕಚೇರಿಯಲ್ಲೂ ನಿಲ್ಲುವುದಿಲ್ಲ.

ಸರ್ಕಾರದ ಘೋಷಣೆಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಗದಗ ಜಿಲ್ಲೆಯ ಬೆಟ್ಟಸಾಲು ಕಪ್ಪತಗುಡ್ಡ 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವಾಯಿತು, 2016ರಲ್ಲಿ ಆ ಆದೇಶವನ್ನೇ ಹಿಂಪಡೆದರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತು, ಜನ ಬೀದಿಗಿಳಿದ ಮೇಲೆ 2017ರಲ್ಲಿ ಅದು ಮರಳಿತು. 2019ರಲ್ಲಿ 244 ಚದರ ಕಿ.ಮೀ. ವನ್ಯಜೀವಿಧಾಮವಾಯಿತು. ವನ್ಯಜೀವಿಧಾಮದ ಗಡಿಯನ್ನು ಹಾಗೆ ಒಂದು ಆದೇಶದಲ್ಲಿ ಅಳಿಸಲಾಗದು. ಕೇಳುವುದಾದರೆ ಗಟ್ಟಿಯಾದದ್ದನ್ನೇ ಕೇಳಬೇಕು.

ಇನ್ನೊಂದು ಮಾತು, ಇದಕ್ಕೆ ಕೆಲವರು ಸಿಟ್ಟಾಗಬಹುದು. ಹುಲ್ಲುಗಾವಲು ಉಳಿಸುತ್ತೇವೆಂದು ಅಲ್ಲಿ ಸಸಿ ನೆಡಬೇಡಿ. ಹುಲ್ಲಿಗೆ ಬಿಸಿಲು ಬೇಕು. ಗುಂಡಿ ತೋಡಿ ನೀಲಗಿರಿ, ಅಕೇಶಿಯಾ ಹಚ್ಚಿದರೆ ಕುರಿಗೂ ಮೇವಿಲ್ಲ, ಕೃಷ್ಣಮೃಗಕ್ಕೂ ಬಯಲಿಲ್ಲ. 1987ರಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸಾಮೂಹಿಕ ಭೂಮಿಯ ನೀಲಗಿರಿಯನ್ನು ಕಿತ್ತೆಸೆದದ್ದು ಸುಮ್ಮನೆ ಅಲ್ಲ.

ಪಂಚಾಯ್ತಿಯ ಜೀವವೈವಿಧ್ಯ ಸಮಿತಿಯ ದಾಖಲಾತಿ ಪುಸ್ತಕದಲ್ಲಿ ಈ ಮುಂಗಾರಿನಲ್ಲೇ ಬರೆಸಿ: ಯಾವ ಹುಲ್ಲು ಯಾವಾಗ ಚಿಗುರುತ್ತದೆ, ಯಾರ ಕುರಿ ಹಿಂಡು ಯಾವ ತಿಂಗಳು ಬಂದು ಮೇಯುತ್ತದೆ, ಮಳೆ ನೀರು ಯಾವ ಹಳ್ಳಕ್ಕೆ ಇಳಿಯುತ್ತದೆ. ‘ಖಾಲಿ ಬಿದ್ದ ಜಾಗ’ ಎಂದು ಬರೆದ ಕಡತ ಬಂದಾಗ ತಕರಾರು ಅರ್ಜಿಗೆ ಲಗತ್ತಿಸಲು ಆ ಪುಟಗಳು ಬೇಕಾಗುತ್ತವೆ.