ಅಳತೆ ಹಳೆಯದೇ ಇರಲಿಯೇ?

ನನ್ನ ಆಪರೇಷನ್‌ಗೆ ಇನ್ನು ಒಂಬತ್ತು ದಿನ. ಎಡ ಸ್ತನದಲ್ಲಿ ಕ್ಯಾನ್ಸರ್ ಗಡ್ಡೆ, ಗಾತ್ರ 2.4 ಸೆಂಟಿಮೀಟರ್. ಹಾಸನದಲ್ಲಿ ಸುದ್ದಿ ಹರಡುವ ಬಗೆ ನನಗೆ ಚೆನ್ನಾಗಿ ಗೊತ್ತು. ಬೇರೆಯವರ ಬಾಯಲ್ಲಿ ಅದು ಐದು ಸೆಂಟಿಮೀಟರ್ ಆಗುವ ಮೊದಲು ನಾನೇ ಬರೆದುಬಿಡುತ್ತಿದ್ದೇನೆ.

"ಇಷ್ಟು ದಿನ ಯಾಕೆ ಕಾಯಿಸುತ್ತಿದ್ದಾರೆ?" ಎಂದು ಎಲ್ಲರೂ ಕೇಳುತ್ತಾರೆ. ಕಾಯಿಸಿದ್ದು ಬಹುಪಾಲು ಪ್ರಯೋಗಾಲಯ. ಸೂಜಿ ಹಾಕಿ ತೆಗೆದ ಚೂರಿನಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿಯಲು ನಾಲ್ಕು ದಿನ ಸಾಕಾಯಿತು. ಅದು ಯಾವ ಬಗೆಯದೆಂದು ತಿಳಿಯುವುದೇ ದೊಡ್ಡ ಕಥೆ. ಈಸ್ಟ್ರೋಜನ್ ಪಾಸಿಟಿವ್, ಪ್ರೊಜೆಸ್ಟರಾನ್ ಪಾಸಿಟಿವ್, ಅಂದರೆ ಈ ಎರಡು ಹಾರ್ಮೋನುಗಳ ಬಲದಿಂದ ಬೆಳೆಯುವ ಬಗೆ. ಕೋಶಗಳನ್ನು ಬೇಗ ಬೆಳೆಸುವ ಹರ್-2 ಎಂಬ ಪ್ರೋಟೀನು ಮಾತ್ರ 'ಎರಡು ಪ್ಲಸ್', ಅಂದರೆ ಹೌದೆನ್ನಲೂ ಆಗದು, ಇಲ್ಲವೆನ್ನಲೂ ಆಗದು. ಅದನ್ನು ಇತ್ಯರ್ಥ ಮಾಡಲು ಅದರ ಜೀನನ್ನೇ ಎಣಿಸುವ ಫಿಶ್ ಎಂಬ ಇನ್ನೊಂದು ಪರೀಕ್ಷೆ. ("ಮೀನು ತಿನ್ನಬೇಕಂತೆಯೇ?" ಎಂದು ಅತ್ತೆ ಗಾಬರಿಯಾದರು.) ಹರ್-2 ಇದ್ದಿದ್ದರೆ ನನಗೆ ಮೊದಲು ಕೀಮೋ, ಆಮೇಲೆ ಆಪರೇಷನ್ ಎಂದಿದ್ದರು. ಹತ್ತು ದಿನ ಕಳೆದು ಇಲ್ಲವೆಂದು ಬಂತು. ಆಮೇಲೆ ಬೆಂಗಳೂರಿನಲ್ಲಿ ಸರದಿ.

ಅಂದಹಾಗೆ, ನನಗೆ "ಪಾಸಿಟಿವ್ ಆಗಿರಿ" ಎಂದು ಸಂದೇಶ ಕಳುಹಿಸುವವರು ಸ್ವಲ್ಪ ನಿಲ್ಲಿಸಬೇಕು. ವರದಿಯಲ್ಲಿ ಆಗಲೇ ಎರಡು ಪಾಸಿಟಿವ್ ಇವೆ.

ಆದರೆ ಈ ಕೆಲವು ವಾರಗಳ ತಡಕ್ಕೆ ಸಿಡುಕುವ ಅರ್ಹತೆ ನನಗಿದೆಯೇ ಎಂಬ ಅನುಮಾನ ನನ್ನದೇ. ಗಡ್ಡೆ ಕೈಗೆ ಸಿಕ್ಕಿದ್ದು ಏಪ್ರಿಲ್‌ನಲ್ಲಿ, ಸ್ನಾನ ಮಾಡುವಾಗ. ಹುಣಸೆ ಬೀಜದಂತೆ ಗಟ್ಟಿ, ನೋವಿಲ್ಲ. ನೋವಿದ್ದಿದ್ದರೆ ಓಡುತ್ತಿದ್ದೆನೋ ಏನೋ. ಸ್ತನದ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ ಎಂದು ವಿಜ್ಞಾನದ ಮೇಡಂ ಆದ ನನಗೆ ಗೊತ್ತಿಲ್ಲದೆ ಇರಲಿಲ್ಲ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಮುಗಿಯಲಿ ಎಂದೆ. ಮಗಳ ಸಿಇಟಿ ಮುಗಿಯಲಿ ಎಂದೆ. ಜೂನ್‌ನಲ್ಲಿ ಅತ್ತೆಯ ಕಣ್ಣಿನ ಪೊರೆ ತೆಗೆಸಲು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅದೇ ಓಣಿಯಲ್ಲಿ, ಎರಡು ಬಾಗಿಲು ಆಚೆ, ಸರ್ಜನ್ ಕೂತಿದ್ದರು. ಅತ್ತೆಯ ಕಣ್ಣಿಗೆ ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕಿದೆ. ನನ್ನ ವಿಷಯ ಆಗಸ್ಟ್‌ವರೆಗೆ ಬಾಯಿಬಿಡಲಿಲ್ಲ. ಮನೆಯಲ್ಲಿ ಯಾರೂ ತಡೆದಿರಲಿಲ್ಲ. ಯಾರೂ ತಡೆಯಬೇಕಾಗಿಯೂ ಇಲ್ಲ, ನಮ್ಮನ್ನು ಬೆಳೆಸಿರುವುದೇ ಹಾಗೆ.

ಒಂದು ರಾತ್ರಿ ನಿದ್ದೆ ಬಾರದೆ ಮೊಬೈಲ್ ತಡಕುವಾಗ 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು ಸಿಕ್ಕಿತು. ಕ್ಯಾನ್ಸರ್ ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇಕಡಾ 6ರಿಂದ 8ರಷ್ಟು ಏರುತ್ತದಂತೆ. ಎದ್ದು ಕೂತು ಏಪ್ರಿಲ್‌ನಿಂದ ವಾರ ಎಣಿಸಿದೆ. ಮರುದಿನ ಡಾಕ್ಟರಿಗೆ ಫೋನ್ ಮಾಡಿದರೆ, "ಅದು ಸಾವಿರಾರು ಜನರ ಸರಾಸರಿ, ನಿಮ್ಮೊಬ್ಬರ ಜಾತಕವಲ್ಲ. ಈಗ ಕೊಟ್ಟ ದಿನಾಂಕ ಮಾತ್ರ ತಪ್ಪಿಸಬೇಡಿ" ಎಂದರು.

ತಪ್ಪಿಸಲು ಜನ ಕಾದಿದ್ದರು. ದಿನಾಂಕ ಬಿದ್ದಿರುವುದು ಪಿತೃಪಕ್ಷದಲ್ಲಿ. ನಾದಿನಿ ಫೋನ್ ಮಾಡಿ, "ಮಹಾಲಯ ಅಮಾವಾಸ್ಯೆ ಕಳೆಯಲಿ ಅತ್ತಿಗೆ, ನವರಾತ್ರಿಯಲ್ಲಿ ಮಾಡಿಸಿಕೊಳ್ಳಿ. ಅಪ್ಪನ ಪಕ್ಷವೂ ಆ ವಾರವೇ ಇದೆ" ಎಂದಳು. ಆಗುವುದಿಲ್ಲ ಎಂದೆ. ಅವಳಿಗೆ ಕೋಪ ಬಂದಿದೆ, ಇನ್ನೂ ಇಳಿದಿಲ್ಲ. ಪಕ್ಷದ ಅಡುಗೆಗೆ ಅಡುಗೆಯವರನ್ನು ಗೊತ್ತುಮಾಡಿ ಮುಂಗಡ ಕೊಟ್ಟಿದ್ದೇನೆ. ಮಾವನವರು ಬದುಕಿದ್ದಾಗ ನನ್ನ ಸಾರಿಗೆ ಉಪ್ಪು ಕಡಿಮೆ ಎನ್ನುತ್ತಿದ್ದರು, ಈ ವರ್ಷ ಅವರಿಗೆ ಸರಿಯಾದೀತು. ಸಾಗರದ ಕಡೆಯ ತೊಗಟೆ ಔಷಧ, ಲಕ್ಷ್ಮಣಫಲ, ಗೋಧಿಹುಲ್ಲಿನ ರಸ ಹೇಳಿದವರಿಗೆಲ್ಲ ಒಂದೇ ಉತ್ತರ: ಆಪರೇಷನ್‌ಗೆ ಮುಂಚೆ ತಮಗೆ ತಿಳಿಸದೆ ಏನನ್ನೂ ಕುಡಿಯಬೇಡಿ ಎಂದು ಅರಿವಳಿಕೆ ಡಾಕ್ಟರು ಹೇಳಿದ್ದಾರೆ.

ಇನ್ನೊಂದು ಸಲಹೆ ಹೆಂಗಸರಿಂದಲೇ ಬರುತ್ತದೆ, ಅದಕ್ಕೇ ಹೆಚ್ಚು ಉರಿಯುತ್ತದೆ. "ಪೂರ್ತಿ ತೆಗೆಸಿಬಿಡು, ಐವತ್ತೊಂದಾಯಿತು, ಇನ್ನೇನು ಬೇಕು?" ಬೇಕು. ನನ್ನ ಮೈ ನನಗೆ ಬೇಕು. ಗಡ್ಡೆಯನ್ನೂ ಅದರ ಸುತ್ತಲಿನ ಅಂಚನ್ನೂ ತೆಗೆದು ವಿಕಿರಣ ಕೊಟ್ಟರೂ, ಇಡೀ ಸ್ತನ ತೆಗೆದರೂ ಬದುಕುಳಿಯುವ ಪ್ರಮಾಣ ಒಂದೇ ಎಂದು ಅಮೆರಿಕದ ಬರ್ನಾರ್ಡ್ ಫಿಶರ್ ಅವರ ತಂಡ ಇಪ್ಪತ್ತು ವರ್ಷ ರೋಗಿಗಳ ಬೆನ್ನುಬಿಡದೆ ನೋಡಿ 2002ರಲ್ಲಿ ಪ್ರಕಟಿಸಿದೆ. ನನ್ನ ಗಡ್ಡೆಗೆ ಆ ದಾರಿ ಇದೆ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ವಿಕಿರಣವೆಂದರೆ ವಾರಕ್ಕೆ ಐದು ದಿನ, ಮೂರು ವಾರ, ಬೆಂಗಳೂರಿನಲ್ಲೇ ಇರಬೇಕು. ನನಗೆ ರಾಜಾಜಿನಗರದಲ್ಲಿ ಅಣ್ಣನ ಮನೆಯಿದೆ, ರಜೆಯಿದೆ. ಅಂದು ಹೊರರೋಗಿ ವಿಭಾಗದಲ್ಲಿ ನನ್ನ ಪಕ್ಕ ಕೂತಿದ್ದ ಅರಕಲಗೂಡು ಕಡೆಯ ಹೆಣ್ಣುಮಗಳಿಗೆ ಎರಡೂ ಇರಲಿಲ್ಲ. ಹೊಗೆಸೊಪ್ಪಿನ ಕೆಲಸ ಬಿಟ್ಟು ಮೂರು ವಾರ ಎಲ್ಲಿರಲಿ ಎಂದು ಪೂರ್ತಿ ತೆಗೆಸಲು ಒಪ್ಪಿದ್ದಳು. ಅದು ಅವಳ ಆಯ್ಕೆ ಎಂದು ಕಾಗದದಲ್ಲಿ ಬರೆದಿರುತ್ತದೆ. ಬಸ್ಸು, ಬಾಡಿಗೆ, ಕೂಲಿ ಸೇರಿ ಮಾಡಿದ ಆಯ್ಕೆ ಎಂದು ಯಾವ ಕಾಗದದಲ್ಲೂ ಇರುವುದಿಲ್ಲ.

ಮನೆ, ಶಾಲೆ ಎರಡೂ ಎಂದಿನಂತೆ ನಡೆಯುತ್ತಿವೆ. ಕಂಕುಳಿನ ಗ್ರಂಥಿ ತೆಗೆದ ಮೇಲೆ ಕೆಲವು ವಾರ ಎಡಗೈಯಲ್ಲಿ ಭಾರ ಎತ್ತಬಾರದಂತೆ, ಅದಕ್ಕೆ ಅಟ್ಟದ ಪಾತ್ರೆಗಳನ್ನೆಲ್ಲ ಈಗಲೇ ಇಳಿಸಿಟ್ಟೆ. ನಮ್ಮವರು ಗ್ಯಾಸ್ ಬುಕ್ ಮಾಡಲು ಕಲಿತಿದ್ದಾರೆ, ಇಪ್ಪತ್ತೈದು ವರ್ಷಕ್ಕೆ. ಸಹೋದ್ಯೋಗಿಯೊಬ್ಬರು ಧೈರ್ಯ ಹೇಳದೆ ಒಂಬತ್ತನೇ ತರಗತಿಯ ಉತ್ತರ ಪತ್ರಿಕೆಗಳ ಕಟ್ಟನ್ನು ಎತ್ತಿಕೊಂಡು ಹೋದರು. ಇಂಥವರು ಇನ್ನೂ ಇಬ್ಬರಿದ್ದರೆ ಸಾಕು. ಎಂಟನೆಯವರದು ನಾನೇ ನೋಡುತ್ತಿದ್ದೇನೆ. ಜೀವಕೋಶಗಳು ಏಕೆ ವಿಭಜನೆಯಾಗುತ್ತವೆ ಎಂಬ ಪ್ರಶ್ನೆಗೆ ಹುಡುಗನೊಬ್ಬ "ಅವುಗಳಿಗೆ ಬೇರೆ ಕೆಲಸವಿಲ್ಲ" ಎಂದು ಬರೆದಿದ್ದಾನೆ. ಅರ್ಧ ಅಂಕ ಕೊಟ್ಟೆ.

ನಿನ್ನೆ ಶಾಲೆಯಿಂದ ಬರುವಾಗ ಟೈಲರ್ ಅಂಗಡಿಗೆ ಹೋಗಿದ್ದೆ. ಆಪರೇಷನ್ ಆದಮೇಲೆ ಗಾಯದ ನೀರು ಹೊರಹೋಗಲು ಇಡುವ ಡ್ರೈನ್ ಪೈಪು ಇರುವಾಗ ತಲೆಯ ಮೇಲಿಂದ ಬಟ್ಟೆ ಹಾಕಿಕೊಳ್ಳಲಾಗದು, ಮುಂದೆ ಗುಂಡಿಯಿರುವ ಎರಡು ನೈಟಿ ಬೇಕಿತ್ತು. ಅಣ್ಣನ ಮಗನ ಮದುವೆಯ ಸೀರೆಯ ರವಿಕೆ ಬಟ್ಟೆಯನ್ನೂ ಕೊಟ್ಟೆ. ಹದಿನೈದು ವರ್ಷದಿಂದ ನನ್ನ ರವಿಕೆ ಹೊಲಿಯುವವರು ಅವರೇ. ಪುಸ್ತಕ ತೆರೆದು, "ಅಳತೆ ಹಳೆಯದೇ ಇರಲಿಯೇ ಮೇಡಂ?" ಎಂದರು.

ಒಂದು ಗಳಿಗೆ ನನಗೆ ಮಾತು ಹೊರಡಲಿಲ್ಲ.

"ಹಳೆಯದೇ ಇರಲಿ. ಎಡಗಡೆ ಮಾತ್ರ ಕಚ್ಚಾ ಹೊಲಿಗೆ ಹಾಕಿಡಿ. ದೀಪಾವಳಿಗೆ ಬಂದು ಹೇಳುತ್ತೇನೆ" ಎಂದೆ. ಅವರು ಏನೂ ಕೇಳದೆ ಚೀಟಿಯ ಮೇಲೆ 'ಎಡ, ಕಚ್ಚಾ' ಎಂದು ಬರೆದು, ಮುಂಗಡ ಇನ್ನೂರು ಎಂದರು.