ಆರು ಯಾವ ಬೆರಳಿನದು?

ಕಳೆದ ವಾರ ರಾತ್ರಿ ಎಂಟಕ್ಕೆ ಕರೆಂಟು ಹೋಯಿತು. ಹೋಗುವುದೇನೂ ಹೊಸದಲ್ಲ. ಆದರೆ ಎದುರು ಸಾಲಿನ ಮನೆಗಳಲ್ಲೆಲ್ಲ ದೀಪ ಉರಿಯುತ್ತಿತ್ತು, ಹೊಟ್ಟೆ ಉರಿಸಿದ್ದು ಅದು. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇತ್ತು, ಫೋನಿನಲ್ಲಿ ನೆಟ್ ಇತ್ತು, ನನ್ನಲ್ಲಿ ಸಿಟ್ಟಿತ್ತು. ದೂರು ಬರೆಯಲು ಇನ್ನೇನು ಬೇಕು? ಕತ್ತಲಲ್ಲೇ ಕೂತು ಮೇಲ್ ಕುಟ್ಟತೊಡಗಿದೆ. ನೋಡದೆ ಟೈಪ್ ಮಾಡುವವನು ಎಂದು ನನಗೆ ಮೊದಲಿಂದಲೂ ಸ್ವಲ್ಪ ಜಂಬ. 'ಮಾನ್ಯರೇ' ಆಯಿತು, 'ಪದೇ ಪದೇ' ಆಯಿತು, 'ಎದುರು ಮನೆಯವರಿಗಿಲ್ಲದ ತೊಂದರೆ' ಕೂಡ ಆಯಿತು. ಆಮೇಲೆ ಕರೆಂಟು ಬಿಲ್ಲಿನ ಆರ್.ಆರ್. ನಂಬರ್ ಬಂತು. ಬೆರಳುಗಳು ಗಕ್ಕನೆ ನಿಂತವು.

ಕುಟ್ಟುವ ಸದ್ದು ನಿಂತಿದ್ದರಿಂದಲೇ ಒಳಕೋಣೆಯಲ್ಲಿದ್ದ ಮಗಳಿಗೆ ಗೊತ್ತಾಯಿತು. "ಏನಪ್ಪಾ, ನಂಬರ್ ಬಂತಾ?" ಅಂದಳು. ನಗುತ್ತಿದ್ದಳು ಅಂತ ಕಾಣುತ್ತೆ. "ಅರ್ಧ ಕೀಬೋರ್ಡಿಗೇ ಇಷ್ಟು ಜಂಬಾನಾ?"

ಅರ್ಧ ಅನ್ನುವುದು ಜಾಸ್ತಿಯಾಯಿತು. ಮುಕ್ಕಾಲು ಬರುತ್ತೆ. ಮೇಲಿನ ಅಂಕಿಯ ಸಾಲು ಬರಲ್ಲ, ಅಷ್ಟೆ. ಅದಕ್ಕೆ ಕಾರಣ ನಾನಲ್ಲ, ನಮ್ಮೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟ್.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಬೇಸಿಗೆ ಅದು. ಆ ವಯಸ್ಸಿನ ಹುಡುಗ ಮನೆಯಲ್ಲಿ ಸುಮ್ನೆ ಕೂತರೆ ಆಗಿನ ಅಪ್ಪಂದಿರಿಗೆ ತಡೆಯುತ್ತಿರಲಿಲ್ಲ. "ಟೈಪಿಂಗ್ ಜೂನಿಯರ್ ಪರೀಕ್ಷೆ ಆದ್ರೂ ಮಾಡ್ಕೊ, ಎಲ್ಲಾದ್ರೂ ಗುಮಾಸ್ತಿಕೆ ಸಿಗುತ್ತೆ" ಎಂದು ನಮ್ಮಪ್ಪ ಕಳಿಸಿದರು. ಹಿಟ್ಟಿನ ಗಿರಣಿಯ ಮೇಲಿನ ಮಹಡಿ. ಕೆಳಗೆ ರಾಗಿ ನುರಿಯುತ್ತಿತ್ತು, ಮೇಲೆ ನಾವು. ಮೊದಲ ವಾರವಿಡೀ ಒಂದೇ ಮಂತ್ರ: ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಹಳೇ ರೆಮಿಂಗ್ಟನ್ ಮೆಷಿನ್ನುಗಳು. ಒತ್ತಿದರೆ ಸಾಲದು, ಗುದ್ದಬೇಕು. ಹಾಳೆ ತುಂಬ ಉಳಿದ ಅಕ್ಷರಗಳು ಕಪ್ಪಗೆ, 'ಎ' ಮಾತ್ರ ಮಸುಕು. ಕಿರುಬೆರಳಿಗೆ ಪಾಪ ಶಕ್ತಿ ಎಲ್ಲಿಂದ ಬರಬೇಕು? ಮೇಷ್ಟ್ರು ಹಾಳೆಯನ್ನು ಬೆಳಕಿಗೆ ಹಿಡಿದು "ಊಟ ಮಾಡ್ಕೊಂಡು ಬಂದಿಲ್ವೇನೋ" ಅನ್ನುತ್ತಿದ್ದರು. ಕೀ ನೋಡಬಾರದೆಂದು ಕೈಗಳ ಮೇಲೆ ಮಿಠಾಯಿ ಡಬ್ಬದ ರಟ್ಟು ಮುಚ್ಚುತ್ತಿದ್ದರು. ಆ ರಟ್ಟಿಗೆ ಇನ್ನೂ ತುಪ್ಪದ ವಾಸನೆ ಇತ್ತು.

ದಿನಾ ಹಾಳೆಯ ತಲೆಗೆ ತಾರೀಕು ಹೊಡೆಯಬೇಕಿತ್ತು. ಅಷ್ಟಕ್ಕೆ ಮಾತ್ರ ರಟ್ಟು ತೆಗೆದು ನೋಡಲು ಅಪ್ಪಣೆ. ಮೊದಲ ದಿನ ಒಂದನ್ನು ಹುಡುಕಿದೆ. ಎರಡಿದೆ, ಮೂರಿದೆ, ಒಂಬತ್ತರವರೆಗೂ ಇದೆ, ಒಂದಿಲ್ಲ.

"ಮೇಷ್ಟ್ರೇ, ಒಂದು ಬಿದ್ದೋಗಿದೆ."

"ಬಿದ್ದಿಲ್ಲ ಕಣೋ, ಇಲ್ವೇ ಇಲ್ಲ. ಸಣ್ಣ ಎಲ್ ಹೊಡಿ."

ಹಳೇ ಟೈಪ್‌ರೈಟರುಗಳಲ್ಲಿ ಬಹಳಷ್ಟಕ್ಕೆ ಒಂದರ ಕೀ ಇರುತ್ತಿರಲಿಲ್ಲ. ಎಲ್ ಹೇಗೂ ಹಾಗೇ ಕಾಣುತ್ತಲ್ಲ, ಇನ್ನೊಂದು ಕೀ ಯಾಕೆ ದಂಡ ಎಂಬ ಲೆಕ್ಕ. ಆಶ್ಚರ್ಯಸೂಚಕವೂ ಇರಲಿಲ್ಲ. ಮೇಲೊಂದು ಕೊಂಬು ಹೊಡೆದು, ಒಂದು ಹೆಜ್ಜೆ ಹಿಂದೆ ಬಂದು, ಕೆಳಗೊಂದು ಚುಕ್ಕಿ ಇಡಬೇಕು. ಅಷ್ಟು ಹೊತ್ತಿಗೆ ಆಶ್ಚರ್ಯ ಆರಿಹೋಗಿರುತ್ತಿತ್ತು.

ಅಂಕಿಯ ಸಾಲು ಸೋಮವಾರದಿಂದ ಎಂದು ಮೇಷ್ಟ್ರು ಹೇಳಿದ ಶನಿವಾರವೇ ರಿಸಲ್ಟ್ ಬಂತು. ಪಾಸಾಗಿದ್ದೆ. ಪಿಯುಸಿಗೆ ಮಾವನ ಊರಿಗೆ ಬಸ್ಸು ಹತ್ತಿದೆ. ಆ ಸೋಮವಾರ ನನ್ನ ಬಾಳಿನಲ್ಲಿ ಬರಲೇ ಇಲ್ಲ.

ಪರಿಣಾಮ ಕಂಡದ್ದು ಎಷ್ಟೋ ವರ್ಷದ ಮೇಲೆ. ಆಫೀಸಿಗೆ ಕಂಪ್ಯೂಟರ್ ಬಂತು. ಟೈಪಿಂಗ್ ಕಲಿತವನು ನಾನೊಬ್ಬನೇ ಎಂದು ಸಂಬಳದ ಪಟ್ಟಿಯನ್ನು ಎಕ್ಸೆಲ್ಲಿಗೆ ಹಾಕಲು ನನ್ನನ್ನೇ ಕೂರಿಸಿದರು. ಮಧ್ಯಾಹ್ನದ ಹೊತ್ತಿಗೆ ಮುಗಿಸಿ ಮೊತ್ತ ಕೂಡಿಸಿದರೆ ಎಲ್ಲೋ ಒಂದು ಕಡೆ ಹಣ ಸೋರಿಹೋಗಿದೆ. ಕ್ಯಾಲ್ಕ್ಯುಲೇಟರಿನಲ್ಲಿ ಒಂದು ಮೊತ್ತ, ಕಂಪ್ಯೂಟರಿನಲ್ಲಿ ಇನ್ನೊಂದು. ಸೂಪರಿಂಟೆಂಡೆಂಟರು ಬಂದರು, ಕ್ಯಾಷಿಯರ್ ಬಂದರು. ನಾಲ್ಕು ಜನ ನಿಂತು ಪರದೆಗೆ ಬೆರಳಿಟ್ಟು ಸಾಲು ಸಾಲಾಗಿ ಓದಿದೆವು. ಎಲ್ಲ ಸರಿ. 'ಇದಕ್ಕೇ ನಾನು ಕಂಪ್ಯೂಟರ್ ಬೇಡ ಅಂದಿದ್ದು' ಎಂದು ಕ್ಯಾಷಿಯರ್ ಗೆದ್ದವರ ಹಾಗೆ ಹೊರಟುಹೋದರು. ಎರಡು ಸಲ ಟೀ ಆಯಿತು. ಕೊನೆಗೆ ಟೀ ತಂದ ಹುಡುಗ ಲೋಟ ಎತ್ತುತ್ತಾ ಕೇಳಿದ: "ಸಾರ್, ಈ ನಂಬರ್‌ಗಳು ಯಾಕೆ ಎಡಗಡೆಗೆ ಹೋಗಿ ಕೂತಿವೆ?"

ಹೌದು. ಉಳಿದವು ಕಟ್ಟುನಿಟ್ಟಾಗಿ ಬಲಕ್ಕೆ ಒತ್ತಿ ನಿಂತಿದ್ದರೆ ಕೆಲವು ಎಡಗೋಡೆಗೆ ಒರಗಿಕೊಂಡಿದ್ದವು. ಒಂದು ಇರುವ ಸಂಬಳಗಳೆಲ್ಲ ಅಲ್ಲಿದ್ದವು. ಯಾಕೆಂದರೆ ನನ್ನ ಉಂಗುರ ಬೆರಳು, ಗುರುವಿನ ಮಾತು ಮೀರದೆ, ಒಂದು ಬಂದಲ್ಲೆಲ್ಲ ಎಲ್ ಹೊಡೆದಿತ್ತು. ಎಕ್ಸೆಲ್ಲಿಗೆ ಎಲ್ ಇದ್ದದ್ದು ಅಂಕಿಯಲ್ಲ, ಅಕ್ಷರ. ಅಕ್ಷರವನ್ನು ಅದು ಕೂಡಿಸಲ್ಲ. ನೋಡದೆ ಹೊಡೆಯಲು ನನಗೆ ಬರುತ್ತಿದ್ದ ಅಂಕಿ ಒಂದೇ, ಅದು ಒಂದು. ಅದೂ ಅಂಕಿಯಾಗಿರಲಿಲ್ಲ.

ನೋಡದೆ ಟೈಪ್ ಮಾಡಿ ಜಗತ್ತಿಗೆ ತೋರಿಸಿದವನು ಅಮೆರಿಕದ ಫ್ರಾಂಕ್ ಮೆಕ್‌ಗರಿನ್. ಕೋರ್ಟಿನಲ್ಲಿ ಶೀಘ್ರಲಿಪಿಕಾರ. 1888ರ ಜುಲೈನಲ್ಲಿ ಸಿನ್ಸಿನಾಟಿಯಲ್ಲಿ ಪಂದ್ಯ ಕಟ್ಟಿ ಗೆದ್ದ. ಗೆದ್ದಿರಬಹುದು. ಕತ್ತಲಲ್ಲಿ ಕರೆಂಟು ಬಿಲ್ಲಿನ ನಂಬರ್ ಹೊಡಿ ಎಂದು ಅವನಿಗೆ ಯಾರೂ ಹೇಳಿರಲಾರರು. ಈಗಿನವರಂತೂ ಹತ್ತು ಬೆರಳು ಹತ್ತು ಬೆರಳು ಎಂದು ಉಪದೇಶ ಮಾಡುತ್ತಾರೆ. ಆದರೆ ಆರು ಯಾವ ಬೆರಳಿನದು ಎಂದು ಕೇಳಿ ನೋಡಿ. ಕೆಲವರು ಬಲ ತೋರುಬೆರಳು ಅಂತಾರೆ, ಕೆಲವರು ಎಡ ಅಂತಾರೆ. ಮೊದಲು ಅವರವರೇ ಒಪ್ಪಂದಕ್ಕೆ ಬರಲಿ, ಆಮೇಲೆ ನಾನು ಕಲಿಯುತ್ತೇನೆ.

ಕನ್ನಡದಲ್ಲಿ ಆದರೂ ಬೆರಳಿಗೆ ಸ್ವಲ್ಪ ನ್ಯಾಯ ಇದೆ. ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸವನ್ನೇ, ಅಂದರೆ ನುಡಿ ತಂತ್ರಾಂಶದಲ್ಲಿರುವುದನ್ನೇ ನಾನು ಬಳಸುವುದು. ಒತ್ತಕ್ಷರ ಕೂಡಿಸುವ ಕೀ ಅದರಲ್ಲಿ ಎಫ್. ಎಡ ತೋರುಬೆರಳಿಗೆ ಗುರುತು ಸಿಗಲೆಂದು ಸಣ್ಣ ಗೀಟು ಇರುತ್ತಲ್ಲ, ಅದೇ ಕೀ. ಕತ್ತಲಲ್ಲಿ ಏನು ಕಳೆದರೂ ಒತ್ತು ಕಳೆಯಲ್ಲ. ಕಷ್ಟ ಇರುವುದು ಮಹಾಪ್ರಾಣದಲ್ಲಿ. 'ಧ' ಬೇಕೆಂದರೆ ಶಿಫ್ಟ್ ಹಿಡಿದು ಡಿ ಒತ್ತಬೇಕು. ಡಿ ಎಡಗೈಯದು, ಆದ್ದರಿಂದ ಶಿಫ್ಟ್ ಬಲಗೈಯದು ಹಿಡಿಯಬೇಕು. ನಾನು ಬಲ ಶಿಫ್ಟನ್ನು ಮುಟ್ಟಿದವನೇ ಅಲ್ಲ. ಎರಡನ್ನೂ ಎಡಗೈಯಲ್ಲೇ ಮಾಡಲು ಹೋಗಿ ಕೈ ಏಡಿಯ ಹಾಗೆ ಮಡಚಿಕೊಳ್ಳುತ್ತೆ.

ಆ ರಾತ್ರಿಯ ಕಥೆ ಮುಗಿಸಿಬಿಡುತ್ತೇನೆ. ಟಾರ್ಚ್ ಹಾಕೋಣವೆಂದರೆ ಫೋನು ಕಿಟಕಿಯ ಹತ್ತಿರ ಇತ್ತು, ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಪರದೆಯನ್ನು ಮುಂದಕ್ಕೆ ಬಗ್ಗಿಸಿ ಅದರ ಬೆಳಕಲ್ಲೇ ನಂಬರ್ ಹುಡುಕಿ ಹುಡುಕಿ ಹೊಡೆದೆ. ಕನ್ನಡಕ ಒಳಗಿತ್ತು, ಎದ್ದು ಹೋಗಲು ಅಹಂಕಾರ ಬಿಡಲಿಲ್ಲ. ಕಳಿಸಿದೆ. ಬೆಳಗ್ಗೆ ಮಗಳು ಬಿಲ್ಲು ಹಿಡಿದು ತಾಳೆ ನೋಡಿದಳು. ಆರು ಇರಬೇಕಾದಲ್ಲಿ ಏಳು ಬಿದ್ದಿತ್ತು. ಕೊನೆಯಲ್ಲಿ ಶಿಫ್ಟ್ ತಪ್ಪಿ 'ದನ್ಯವಾದಗಳು' ಎಂದಿತ್ತು. "ಆಫೀಸಿಗೆ ದನ ಕಳ್ಸಿದೀಯಪ್ಪಾ" ಅಂದಳು.

ಹನ್ನೊಂದು ಗಂಟೆಗೆ ಉತ್ತರ ಬಂತು. ನಿಮ್ಮ ದೂರನ್ನು ಪರಿಹರಿಸಲಾಗಿದೆ, ವಿದ್ಯುತ್ ಸರಬರಾಜು ಸರಿಯಾಗಿದೆ ಎಂದಿತ್ತು. ಅದನ್ನು ಓದುವಾಗ ನಮ್ಮ ಫ್ಯಾನು ಇನ್ನೂ ನಿಂತೇ ಇತ್ತು.